ಹುಚ್ಚೆಳ್ಳು ಹೂವಿನ ಮೇಲಿನ ನೊಣ

ಕಾರ್ತಿಕ ಮಾಸದ ಬೆಳಗು. ಮಾಗಡಿ ಸೀಮೆಯ ಒಂದು ರಾಗಿ ಹೊಲ. ತೆನೆ ಬಲಿತು ಬಾಗಿದೆ, ಎಲೆಯ ಅಂಚಿನ ಇಬ್ಬನಿ ಇನ್ನೂ ಆರಿಲ್ಲ. ಕೆಲವು ಸಾಲು ರಾಗಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ನಡುನಡುವೆ ಸಾಸಿವೆ. ಬದುವಿನುದ್ದಕ್ಕೂ ಹುಚ್ಚೆಳ್ಳು ಹೂವಿನ ಭರದಲ್ಲಿದೆ. ಆ ಹಳದಿ ದೂರದ ರಸ್ತೆಗೂ ಕಾಣುತ್ತದೆ. ಸೂರ್ಯ ಇನ್ನೂ ಹುಣಸೆ ಮರದ ಹಿಂದೆಯೇ ಇರುವುದರಿಂದ ಹೂಗಳ ಮೇಲೆ ಒಂದು ಹುಳವೂ ಇಲ್ಲ.

ಬಿಸಿಲು ಮೊದಲು ಮುಟ್ಟುವುದು ಅವರೆಯ ಮೇಲಿನ ಎಲೆಗಳನ್ನು. ಆ ಎಲೆಗಳ ಮೇಲೆ ಒಂದೆರಡು ಸಣ್ಣ ಹುಳಗಳು ರೆಕ್ಕೆಯನ್ನು ಅರ್ಧ ಬಿಚ್ಚಿ ಕುಳಿತಿವೆ, ಮೈ ಕಾಯಿಸಿಕೊಳ್ಳುತ್ತಿವೆ. ಕಿತ್ತಳೆ ಬಣ್ಣದ ಹೊಟ್ಟೆಯ ಮೇಲೆ ಕಪ್ಪು ಪಟ್ಟೆಗಳು. ಹತ್ತು ನಿಮಿಷದಲ್ಲಿ ಬಿಸಿಲು ಹುಚ್ಚೆಳ್ಳಿನ ತಲೆಗೆ ಬರುತ್ತದೆ. ಎಲೆ ಬಿಟ್ಟೆದ್ದ ಒಂದು ಹುಳ ಹೂವಿನಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ಮೊಳೆ ಹೊಡೆದು ನಿಲ್ಲಿಸಿದ ಹಾಗೆ ನಿಲ್ಲುತ್ತದೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಬಡಿಯುವ ರೆಕ್ಕೆ ಕಣ್ಣಿಗೆ ಕಾಣುವುದಿಲ್ಲ; ಅಲ್ಲಾಡದ ಮೈ ಮಾತ್ರ ಕಾಣುತ್ತದೆ. ಗಾಳಿ ಬೀಸಿ ಹೂವೇ ಓಲಾಡುತ್ತದೆ, ಹುಳ ಮಾತ್ರ ಅಲ್ಲಿಯೇ ಇರುತ್ತದೆ. ಮರುಕ್ಷಣ ಅದು ಅಲ್ಲಿಲ್ಲ. ಮತ್ತೊಂದು ಹೂವಿನ ಮುಂದೆ ಅದೇ ಭಂಗಿಯಲ್ಲಿ ನಿಂತಿದೆ.

ಇದು ಹೂನೊಣ. ನಮ್ಮ ಕೃಷಿ ವಿಜ್ಞಾನಿಗಳ ಬಾಯಲ್ಲಿ ಸಿರ್ಫಿಡ್ ನೊಣ, ಕ್ಯಾಮೆರಾ ಹಿಡಿದವರ ಬಾಯಲ್ಲಿ ಹೋವರ್‌ಫ್ಲೈ. ಜಗತ್ತಿನಲ್ಲಿ ಇದರ 6,000ಕ್ಕೂ ಹೆಚ್ಚು ಪ್ರಭೇದಗಳಿವೆ, ಭಾರತದಲ್ಲೇ ಮುನ್ನೂರಕ್ಕೂ ಮೇಲ್ಪಟ್ಟು. ಈ ಹೊಲದ ಬದುವಿನಲ್ಲಿ ಒಂದು ಗಂಟೆ ಕುಳಿತರೆ ಐದಾರು ಬಗೆ ಸುಲಭವಾಗಿ ಕಣ್ಣಿಗೆ ಬೀಳುತ್ತವೆ.

ಅವರೆಕಾಯಿ ಬಿಡಿಸಲು ಬಂದ ಹೊಲದ ಅಜ್ಜಿ ಬದುವಿನ ಮೇಲೆ ನಿಂತು ನೋಡಿದರು.

“ಏನ್ ಸಾಮಿ, ಜೇನ್ನೊಣದ ಫೋಟೋನಾ?”

“ಜೇನಲ್ಲ ಅಜ್ಜೀ, ಬರೀ ನೊಣ. ಕಚ್ಚೋದಿಲ್ಲ.”

“ಹಳದಿ ಪಟ್ಟೆ ಐತಲ್ಲ, ಕಡಜದಂಗೆ?”

ಕ್ಯಾಮೆರಾದ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ತೋರಿಸಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರು. ಜೇನಿಗೆ, ಕಡಜಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಅವುಗಳ ಕುಡಿಮೀಸೆ ಉದ್ದ, ಮಡಚಿದ್ದು. ಇದರದು ಮುಖದ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ತಲೆಯ ಬಹುಪಾಲು ಕಣ್ಣೇ ಆಗಿದೆ. ಅಜ್ಜಿ ರೆಕ್ಕೆ ಎಣಿಸಿ ಒಪ್ಪಿಕೊಂಡರು. ಆಮೇಲೆ ಕೇಳಿದರು: “ಹಂಗಾದ್ರೆ ಇದರ ಹೆಸರೇನು?”

ಹೂನೊಣದ ಚಿತ್ರ ತೆಗೆದ ಪ್ರತಿಯೊಬ್ಬರಿಗೂ ಸಂಜೆ ಎದುರಾಗುವ ಪ್ರಶ್ನೆಯೂ ಇದೇ. ಉತ್ತರ ಹುಡುಕುವ ಕೆಲಸ ಹೊಲದಲ್ಲಿ ಶುರುವಾಗಿ ಮನೆಯ ಮೇಜಿನ ಮೇಲೆ ಮುಂದುವರಿಯುತ್ತದೆ.

ಮೊದಲ ಕಷ್ಟ ಈ ನೊಣದ ವೇಷದಲ್ಲೇ ಇದೆ. ಇದಕ್ಕೆ ಕೊಂಡಿಯಿಲ್ಲ, ವಿಷವಿಲ್ಲ. ಕೊಂಡಿಯಿರುವ ಕಡಜ, ಜೇನುಗಳ ಬಣ್ಣವನ್ನು ತೊಟ್ಟು ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತದೆ. ನಿಸರ್ಗತಜ್ಞ ಹೆನ್ರಿ ಬೇಟ್ಸ್ 1862ರಲ್ಲಿ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ಇಟ್ಟುಕೊಂಡು ವಿವರಿಸಿದ ಅನುಕರಣೆಯ ಸೂತ್ರಕ್ಕೆ ಹೂನೊಣಗಳಷ್ಟು ಚೆಂದದ ಉದಾಹರಣೆಗಳು ಕಡಿಮೆ. ಹಕ್ಕಿಯನ್ನು ವಂಚಿಸಲು ಕಟ್ಟಿದ ವೇಷ ಮನುಷ್ಯನನ್ನೂ ಬಹುಕಾಲ ವಂಚಿಸಿತು. ಸತ್ತ ಹೋರಿಯ ದೇಹದಿಂದ ಜೇನುನೊಣ ಹುಟ್ಟುತ್ತವೆ ಎಂದು ಪ್ರಾಚೀನ ಗ್ರೀಕರೂ ರೋಮನ್ನರೂ ನಂಬಿದ್ದರು. ಕವಿ ವರ್ಜಿಲ್ ತನ್ನ ‘ಜಾರ್ಜಿಕ್ಸ್’ನ ನಾಲ್ಕನೆಯ ಭಾಗದಲ್ಲಿ ಅದರ ವಿಧಾನವನ್ನೇ ಬಣ್ಣಿಸಿದ್ದಾನೆ. ಆ ಹೋರಿಯಿಂದ ಎದ್ದು ಬರುತ್ತಿದ್ದವು ಜೇನುಗಳಲ್ಲ, ‘ಎರಿಸ್ಟಾಲಿಸ್ ಟೆನಾಕ್ಸ್’ ಎಂಬ ಹೂನೊಣಗಳು ಎಂದು ರಷ್ಯಾದ ರಾಜತಾಂತ್ರಿಕನೂ ನೊಣಗಳ ಪಂಡಿತನೂ ಆಗಿದ್ದ ಓಸ್ಟೆನ್ ಸಾಕೆನ್ 1894ರ ತನ್ನ ಪುಸ್ತಕದಲ್ಲಿ ವಾದಿಸಿದ. ಈ ನೊಣದ ಮರಿಹುಳ ಕೊಳೆತ ದ್ರವದಲ್ಲಿ, ಗೊಬ್ಬರದ ಗುಂಡಿಯ ನೀರಿನಲ್ಲಿ ಬೆಳೆಯುತ್ತದೆ. ಉಸಿರಾಡಲು ಬಾಲದಂಥ ಉದ್ದನೆಯ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚುತ್ತದೆ. ಬೆಳೆದು ಹೊರಬಂದ ನೊಣ ಕಂದು ಬಣ್ಣದಲ್ಲಿ, ಗಾತ್ರದಲ್ಲಿ, ಹಾರುವ ರೀತಿಯಲ್ಲಿ ಜೇನನ್ನೇ ಹೋಲುತ್ತದೆ. ರೆಕ್ಕೆ ಎಷ್ಟಿವೆ ಎಂದು ಯಾರೂ ಎಣಿಸಲಿಲ್ಲವಾದ್ದರಿಂದ ಆ ನಂಬಿಕೆ ಶತಮಾನಗಳ ಕಾಲ ಉಳಿಯಿತು.

ಈಗ ಪರದೆಯ ಮೇಲಿನ ಚಿತ್ರಕ್ಕೆ ಬರೋಣ. ಎರಡು ರೆಕ್ಕೆ ಇದ್ದ ಮಾತ್ರಕ್ಕೆ ಹೂನೊಣ ಆಗಿಬಿಡುವುದಿಲ್ಲ. ಮಾವಿನ ತೋಪಿನ ಹಣ್ಣುನೊಣಕ್ಕೂ ಹಳದಿ ಗುರುತುಗಳಿವೆ, ಕಡಜದ ನಡುವಿದೆ. ಹೂನೊಣವೆಂದು ಚಿತ್ರ ಕಳಿಸುವವರು ಎಷ್ಟೋ ಸಲ ಅದನ್ನೇ ಕಳಿಸುತ್ತಾರೆ. ಹೂನೊಣದ ಗುರುತು ರೆಕ್ಕೆಯ ಮೇಲಿದೆ. ರೆಕ್ಕೆಯ ನಡುವೆ, ಎರಡು ನಿಜವಾದ ನರಗಳ ಮಧ್ಯೆ, ಒಂದು ಸುಳ್ಳು ನರ ಹಾದುಹೋಗುತ್ತದೆ. ಅದು ಎಲ್ಲಿಂದಲೂ ಹುಟ್ಟುವುದಿಲ್ಲ, ಎಲ್ಲಿಗೂ ಸೇರುವುದಿಲ್ಲ. ರೆಕ್ಕೆಯ ಪೊರೆ ಅಲ್ಲಿ ಸ್ವಲ್ಪ ದಪ್ಪಗಾಗಿದೆ, ಅಷ್ಟೇ. ಇಡೀ ಕುಟುಂಬದಲ್ಲಿ ಬಹುತೇಕ ಎಲ್ಲ ನೊಣಗಳಿಗೂ ಇದು ಇದೆ. ಬೆಳಕು ರೆಕ್ಕೆಯ ಹಿಂದಿನಿಂದ ಬಿದ್ದಾಗ ತೆಗೆದ ಚಿತ್ರದಲ್ಲಿ ಈ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ರೆಕ್ಕೆಯ ಹೊರಅಂಚಿಗೆ ಸಮಾನಾಂತರವಾಗಿ ಹೋಗುವ ನರಗಳು ಇನ್ನೊಂದು ಗುರುತು. ಇವೆರಡು ಕಂಡರೆ ಕುಟುಂಬ ಖಚಿತ.

ಕುಟುಂಬದಿಂದ ಕುಲಕ್ಕೆ ಇಳಿಯುವ ದಾರಿಯೂ ಅದೇ ರೆಕ್ಕೆಯಲ್ಲಿ ಇದೆ. ಹುಚ್ಚೆಳ್ಳಿನ ಮೇಲೆ ಅದೇ ಹೊತ್ತಿಗೆ ಒಂದು ದಪ್ಪ ನೊಣ ಬಂದು ಕುಳಿತಿತ್ತು. ಕಣ್ಣಿನ ತುಂಬ ಕಪ್ಪು ಚುಕ್ಕೆ. ಅದರ ಒಂದು ನರ ನೇರವಾಗಿ ಅಂಚಿಗೆ ಹೋಗದೆ ನಡುವೆ ಕೆಳಕ್ಕೆ ಜಗ್ಗಿ, ಮತ್ತೆ ಮೇಲಕ್ಕೆ ಬಂದು ಸೇರುತ್ತಿತ್ತು. ಹೀಗೆ ಜಗ್ಗಿದ ನರ ಎರಿಸ್ಟಾಲಿಸ್ ಬಳಗದ ಮನೆಗುರುತು. ಜಗ್ಗಿದ ನರವೂ ಚುಕ್ಕೆ ಅಥವಾ ಪಟ್ಟೆಯ ಕಣ್ಣೂ ಒಟ್ಟಿಗಿದ್ದರೆ ನಮ್ಮ ಹೊಲಗಳಲ್ಲಿ ಅದು ಬಹುತೇಕ ‘ಎರಿಸ್ಟಾಲಿನಸ್’. ಈ ಕುಲದಲ್ಲಿ ಕೆಲವಕ್ಕೆ ಚುಕ್ಕೆ ಕಣ್ಣು, ಕೆಲವಕ್ಕೆ ಮೇಲಿನಿಂದ ಕೆಳಗಿಳಿಯುವ ಪಟ್ಟೆಗಳ ಕಣ್ಣು. ಮೊದಲ ಸಲ ಆ ಕಣ್ಣುಗಳನ್ನು ದೊಡ್ಡದಾಗಿ ನೋಡಿದವರು ಮತ್ತೆ ನೊಣವನ್ನು ಹೊಲಸು ಜೀವಿಯೆಂದು ಕರೆಯಲಾರರು. ಊರ ಚರಂಡಿಯಲ್ಲಿ, ಎಮ್ಮೆ ಕೊಟ್ಟಿಗೆಯ ಗುಂಡಿಯಲ್ಲಿ ಬೆಳೆದದ್ದು ಈ ಕಣ್ಣು ಹೊತ್ತು ಹೂವಿಗೆ ಬರುತ್ತದೆ.

ಕಣ್ಣು ಇನ್ನೂ ಒಂದು ಸಂಗತಿ ಹೇಳುತ್ತದೆ. ನೆತ್ತಿಯ ಮೇಲೆ ಎರಡೂ ಕಣ್ಣು ಕೂಡಿದ್ದರೆ ಸಾಮಾನ್ಯವಾಗಿ ಗಂಡು, ನಡುವೆ ಜಾಗ ಬಿಟ್ಟಿದ್ದರೆ ಹೆಣ್ಣು. ಗಂಡು ಗಾಳಿಯಲ್ಲಿ ನಿಂತು ಹಾದುಹೋಗುವ ಹೆಣ್ಣನ್ನು ಗುರುತಿಸಬೇಕು, ಹಾಗಾಗಿ ಕಣ್ಣು ನೆತ್ತಿಯವರೆಗೂ ಹಬ್ಬಿದೆ. ಕೆಲವು ಕುಲಗಳಲ್ಲಿ ಗಂಡಿನ ಕಣ್ಣೂ ಕೂಡುವುದಿಲ್ಲ. ಆದರೂ ಚಿತ್ರ ನೋಡುವಾಗ ಮೊದಲು ಗಂಡೋ ಹೆಣ್ಣೋ ಎಂದು ನಿರ್ಧರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ಎಷ್ಟೋ ಗುರುತುಗಳು ಒಂದು ಲಿಂಗಕ್ಕೆ ಮಾತ್ರ ಅನ್ವಯಿಸುತ್ತವೆ.

ಅಜ್ಜಿಗೆ ತೋರಿಸಿದ ನೊಣ ಗಂಡು. ಹೊಟ್ಟೆ ಚಪ್ಪಟೆ, ಉದ್ದ. ಮೂರನೆಯ ಮತ್ತು ನಾಲ್ಕನೆಯ ಖಂಡಗಳಲ್ಲಿ ದಪ್ಪ ಕಪ್ಪು ಪಟ್ಟೆಯ ಜೊತೆಗೆ ಇನ್ನೊಂದು ಸಣ್ಣ ಕಪ್ಪು ಪಟ್ಟೆ. ಈ ಜೋಡಿ ಪಟ್ಟೆ ‘ಎಪಿಸಿರ್ಫಸ್’ ಕುಲದ ಗುರುತು. ಯುರೋಪಿನಲ್ಲಿ ಇಂಥ ಚಿತ್ರ ಸಿಕ್ಕರೆ ‘ಎಪಿಸಿರ್ಫಸ್ ಬಾಲ್ಟಿಯೇಟಸ್’ ಎಂದು ಕಣ್ಣು ಮುಚ್ಚಿ ಬರೆಯಬಹುದು. 1776ರಲ್ಲಿ ಸ್ವೀಡನ್ನಿನ ಡಿ ಗೀರ್ ಹೆಸರಿಟ್ಟ ಆ ನೊಣ ಅಲ್ಲಿನ ಪ್ರತಿ ತೋಟದಲ್ಲೂ ಇದೆ. ನಮ್ಮಲ್ಲೂ ಅದು ದಾಖಲಾಗಿದೆ. ಆದರೆ ನಮ್ಮಲ್ಲಿ ಅದರ ಜೊತೆಗೆ ‘ಎಪಿಸಿರ್ಫಸ್ ವಿರಿಡಾರಿಯಸ್’ ಎಂಬ ಹತ್ತಿರದ ಬಂಧುವೂ ಇದೆ. ಒಂದೇ ಕೋನದಿಂದ, ಮೇಲಿನಿಂದ ತೆಗೆದ ಚಿತ್ರ ಕೈಯಲ್ಲಿಟ್ಟುಕೊಂಡು ಇವೆರಡರಲ್ಲಿ ಒಂದನ್ನು ಆರಿಸುವುದು ಊಹೆಯಾಗುತ್ತದೆ. ಆದ್ದರಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಎಪಿಸಿರ್ಫಸ್’ ಎಂದಷ್ಟೇ ಬರೆದೆ. ಅಷ್ಟು ಬರೆದದ್ದು ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಚಿತ್ರ ಎಷ್ಟು ತೋರಿಸಿತೋ ಅಷ್ಟಕ್ಕೆ ಹೆಸರಿಡುವುದು ಈ ಕೆಲಸದ ಜೀವಾಳವೆಂದು ನಾನು ತಿಳಿದಿದ್ದೇನೆ.

ಫೋನಿನಲ್ಲಿ ಚಿತ್ರ ಹಾಕಿದರೆ ಹೆಸರು ಹೇಳುವ ತಂತ್ರಾಂಶಗಳು ಈಗ ಎಲ್ಲರ ಕೈಯಲ್ಲಿವೆ. ಅವುಗಳಿಂದ ಆಗಿರುವ ಉಪಕಾರ ದೊಡ್ಡದು; ಹೂನೊಣವೆಂಬುದೊಂದು ಇದೆ ಎಂದೇ ಅರಿಯದ ಎಷ್ಟೋ ಮಂದಿಗೆ ಅವು ಬಾಗಿಲು ತೆರೆದಿವೆ. ಆದರೆ ಯಂತ್ರ ಕಲಿಯುವುದು ಅದಕ್ಕೆ ತೋರಿಸಿದ ಚಿತ್ರಗಳಿಂದ. ಯುರೋಪ್, ಅಮೆರಿಕದ ನೊಣಗಳ ಚಿತ್ರ ರಾಶಿ ಇದ್ದು, ದಖ್ಖನ್ನಿನ ನೊಣಗಳ ಚಿತ್ರ ಬೆರಳೆಣಿಕೆಯಷ್ಟಿದ್ದರೆ, ಮಾಗಡಿಯ ನೊಣಕ್ಕೂ ಅದು ಯುರೋಪಿನ ಹೆಸರನ್ನೇ ಮುಂದಿಡುತ್ತದೆ. ಆ ಹೆಸರನ್ನು ಒಪ್ಪಿ ದಾಖಲಿಸಿದರೆ ಆ ತಪ್ಪು ಮುಂದಿನ ನಕ್ಷೆಗಳಲ್ಲೂ ಕೂರುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಹುಚ್ಚೆಳ್ಳಿನ ಸಾಲು ತುಂಬಿತ್ತು. ಕೋಲು ಜೇನು, ತುಡುವೆ ಜೇನುಗಳ ನಡುವೆ ಹೂನೊಣಗಳೂ ಪಾಲು ಪಡೆಯುತ್ತಿದ್ದವು. ಸಾಸಿವೆಯ ತುದಿಯಲ್ಲಿ ಒಂದು ತೆಳು ನೊಣ. ಎದೆಯ ಎರಡೂ ಬದಿಗೆ ಅಚ್ಚು ಹಳದಿ ಅಂಚು, ಎದೆಯ ಹಿಂತುದಿಯಲ್ಲಿ ಅರ್ಧಚಂದ್ರದ ಹಳದಿ ಫಲಕ. ‘ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್’ ಇರಬೇಕು ಅನ್ನಿಸಿತು. 1805ರಲ್ಲಿ ಫ್ಯಾಬ್ರಿಷಿಯಸ್ ವರ್ಣಿಸಿದ ಈ ನೊಣ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಬಹಳ ಸಾಮಾನ್ಯ. ಆದರೆ ಎದೆಯ ಅಂಚಿನ ಹಳದಿ ‘ಸ್ಫೀರೋಫೋರಿಯಾ’ ಕುಲದಲ್ಲೂ ಇದೆ. ಇಸ್ಕಿಯೋಡಾನ್‌ನ ಗಂಡಿನಲ್ಲಿ ಸಂಶಯ ಕಳೆಯುವ ಗುರುತು ಹಿಂಗಾಲಿನ ಬುಡದಲ್ಲಿದೆ: ತೊಡೆ ಮೈಗೆ ಸೇರುವ ಗಿಣ್ಣಿನಲ್ಲಿ ಒಂದು ಚೂಪಾದ ಮುಳ್ಳು. ಮೇಲಿನಿಂದ ತೆಗೆದ ಎಂಥ ಸುಂದರ ಚಿತ್ರದಲ್ಲೂ ಈ ಮುಳ್ಳು ಕಾಣುವುದಿಲ್ಲ. ಮಂಡಿಯೂರಿ, ಹೂವಿನ ಮಟ್ಟಕ್ಕಿಂತ ಕೆಳಗೆ ಕ್ಯಾಮೆರಾ ಇಳಿಸಿ, ನೊಣ ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು. ಆಗ ಸಿಗುವ ಚಿತ್ರ ನೋಡಲು ಸಪ್ಪೆ. ಅರ್ಧ ಮೈ ಎಲೆಯ ಹಿಂದೆ, ಹಿನ್ನೆಲೆ ಕೆದರಿದ್ದು. ಗೋಡೆಗೆ ನೇತುಹಾಕಲು ಯಾರೂ ಕೇಳುವುದಿಲ್ಲ. ಹೆಸರು ಕೊಡುವುದು ಮಾತ್ರ ಅದೇ ಚಿತ್ರ.

ಹುಚ್ಚೆಳ್ಳಿನ ಕೆಳಗೆ, ನೆಲದ ಸಣ್ಣ ಕಳೆಹೂಗಳ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕ ನೊಣಗಳು ಓಡಾಡುತ್ತವೆ. ನೆಟ್ಟ ನೋಟದಿಂದ ಹುಡುಕಿದರಷ್ಟೇ ಸಿಗುತ್ತವೆ. ಅವು ‘ಪ್ಯಾರಾಗಸ್’. ಕೆಲವು ಪ್ರಭೇದಗಳ ಕಣ್ಣಿನ ಮೇಲೆ ಬಿಳಿ ಕೂದಲಿನ ಪಟ್ಟಿಗಳಿರುತ್ತವೆ. ‘ಪ್ಯಾರಾಗಸ್ ಸೆರ್ರೇಟಸ್’ ಆದರೆ ಎದೆಯ ಹಿಂತುದಿಯ ಫಲಕದ ಅಂಚು ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ, ಒಳ್ಳೆಯ ಮ್ಯಾಕ್ರೋ ಚಿತ್ರದಲ್ಲಿ ಅದು ಕಾಣುತ್ತದೆ. ಉಳಿದವುಗಳಲ್ಲಿ ಬಹುಪಾಲನ್ನು ಬೇರ್ಪಡಿಸಲು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ನೋಡಬೇಕು. ಚಿತ್ರ ಅಲ್ಲಿ ನಿಲ್ಲುತ್ತದೆ, ಹೆಸರೂ ಕುಲದಲ್ಲೇ ನಿಲ್ಲಬೇಕು.

ಎಲ್ಲವೂ ಇಷ್ಟು ಕಷ್ಟವಲ್ಲ. ಮಲೆನಾಡಿನ ಅಂಚಿನಲ್ಲಿ ‘ಡಿಡಿಯಾಪ್ಸಿಸ್ ಈಗ್ರೋಟಾ’ ಸಿಕ್ಕರೆ ಒಂದೇ ನೋಟ ಸಾಕು. ರೆಕ್ಕೆಯ ನಡುವೆ ಅಗಲವಾದ ಕಂದುಗಪ್ಪು ಪಟ್ಟೆ ಹೊತ್ತು ಬರುತ್ತದೆ. ‘ಅಸಾರ್ಕಿನಾ’ದ ಅಗಲ ಚಪ್ಪಟೆ ಕಿತ್ತಳೆ ಹೊಟ್ಟೆ, ‘ಅಲ್ಲೋಬಾಕಾ’ದ ನೂಲೆಳೆ ನಡು ಕುಲದವರೆಗೆ ಬೇಗ ಕೊಂಡೊಯ್ಯುತ್ತವೆ. ‘ಮೈಕ್ರೋಡಾನ್’ ನೊಣದ್ದು ಬೇರೆಯದೇ ಕಥೆ. ಅದರ ಮರಿ ಇರುವೆಗೂಡಿನೊಳಗೆ ಬೆಳೆಯುತ್ತದೆ. ಕಾಲಿಲ್ಲದ, ಗುಮ್ಮಟದಂತೆ ಉಬ್ಬಿದ ಆ ಮರಿಯನ್ನು ಮೊದಲು ಕಂಡ 19ನೆಯ ಶತಮಾನದ ಪಂಡಿತರು ಅದನ್ನು ಹೊಸ ಬಗೆಯ ಗೊಂಡೆಹುಳವೆಂದು ವರ್ಣಿಸಿ, ಶಂಖ-ಬಸವನಹುಳಗಳ ಪಟ್ಟಿಗೆ ಸೇರಿಸಿದ್ದರು.

ಚಿತ್ರದಿಂದ ಗುರುತಿಸುವ ಕಲೆ ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯಲು ಬ್ರಿಟನ್ನಿನತ್ತ ನೋಡಬೇಕು. ಆ ದ್ವೀಪದಲ್ಲಿ ಇರುವ ಪ್ರಭೇದಗಳು ಸುಮಾರು 280. ಅವನ್ನು ದಾಖಲಿಸಲು 1976ರಿಂದ ಒಂದು ಯೋಜನೆಯೇ ನಡೆಯುತ್ತಿದೆ. 1983ರಲ್ಲಿ ಅಲನ್ ಸ್ಟಬ್ಸ್ ಮತ್ತು ಸ್ಟೀವನ್ ಫಾಕ್ ಬರೆದ ಕೈಪಿಡಿ ಬಂದ ಮೇಲೆ ಶಾಲೆಯ ಮೇಷ್ಟರು, ಅಂಚೆಯವರು, ನಿವೃತ್ತರು ಎಲ್ಲ ಹೂನೊಣದ ಬೆನ್ನು ಹತ್ತಿದರು. ಲೆಸ್ಟರ್ ನಗರದ ತಮ್ಮ ಮನೆಯಂಗಳದಲ್ಲಿ ಮೂರು ದಶಕ ಜೀವಿಗಳನ್ನು ಎಣಿಸಿದ ಜೆನಿಫರ್ ಓವೆನ್ ಎಂಬ ಜೀವಶಾಸ್ತ್ರಜ್ಞೆಗೆ ಅಲ್ಲೇ 90ಕ್ಕೂ ಹೆಚ್ಚು ಬಗೆಯ ಹೂನೊಣ ಸಿಕ್ಕವು. ಊರಿನ ನಡುವಿನ ಒಂದು ಸಾಮಾನ್ಯ ಅಂಗಳದ ಲೆಕ್ಕ ಅದು. ನಮ್ಮ ಹಿತ್ತಿಲುಗಳಲ್ಲಿ ಯಾರೂ ಎಣಿಸಿಲ್ಲವೆಂದು ನೆನೆದಾಗ ನನಗೆ ಸಂಕಟವಾಗುತ್ತದೆ.

ಅಷ್ಟು ಪಳಗಿದ ಅಲ್ಲಿನವರೂ ಚಿತ್ರದ ಮಿತಿಯನ್ನು ಒಪ್ಪಿಕೊಂಡಿದ್ದಾರೆ. ಎರಿಸ್ಟಾಲಿಸ್ ಕುಲದ ‘ಟೆನಾಕ್ಸ್’ ಮತ್ತು ‘ಪರ್ಟಿನಾಕ್ಸ್’ಗಳನ್ನು ಚಿತ್ರದಲ್ಲೇ ಬೇರ್ಪಡಿಸಬಹುದು: ಮೊದಲನೆಯದರ ಕಣ್ಣಿನ ಮೇಲೆ ಕಪ್ಪು ಕೂದಲಿನ ಉದ್ದ ಪಟ್ಟಿ, ಎರಡನೆಯದಕ್ಕೆ ಮುಂಗಾಲು ಮತ್ತು ನಡುಗಾಲುಗಳ ಪಾದ ಹಳದಿ. ಪಾದ ಕಾಣುವ ಚಿತ್ರವೊಂದಿದ್ದರೆ ಮುಗಿಯಿತು. ‘ಸಿರ್ಫಸ್’ ಕುಲಕ್ಕೆ ಬಂದಾಗ ದಾರಿ ಕಡಿದಾಗುತ್ತದೆ. ‘ರಿಬೆಸಿಯೈ’ಯ ಹೆಣ್ಣಿಗೆ ಹಿಂಗಾಲಿನ ತೊಡೆ ಪೂರ್ತಿ ಹಳದಿ, ‘ವಿಟ್ರಿಪೆನ್ನಿಸ್’ನ ಹೆಣ್ಣಿಗೆ ತೊಡೆಯ ಬುಡ ಕಪ್ಪು. ಇವೆರಡರ ಗಂಡುಗಳನ್ನು ಖಚಿತಪಡಿಸಿಕೊಳ್ಳಲು ಮಾತ್ರ ರೆಕ್ಕೆಯ ಬುಡದ ಒಂದು ಕೋಣೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ರೋಮ ಎಲ್ಲೆಡೆ ಹಬ್ಬಿದೆಯೇ, ಕೆಲವು ಕಡೆ ಬೋಳೇ ಎಂದು ನೋಡಬೇಕು. ಯಾವ ಸಾಮಾನ್ಯ ಚಿತ್ರವೂ ಅದನ್ನು ತೋರಿಸುವುದಿಲ್ಲ. ಸ್ಫೀರೋಫೋರಿಯಾದ ಹೆಣ್ಣುಗಳನ್ನಂತೂ ಚಿತ್ರ ನೋಡಿ ಪ್ರಭೇದದವರೆಗೆ ಹೇಳಲು ಅಲ್ಲಿನ ಅನುಭವಿಗಳು ಮುಂದಾಗುವುದಿಲ್ಲ. ಅವರ ದಾಖಲೆಯ ಮೇಲೆ ವಿಜ್ಞಾನಿಗಳಿಗೆ ವಿಶ್ವಾಸವಿರುವುದು ಈ ಸಂಯಮದಿಂದ.

ನಮ್ಮ ನಾಡಿನ ಹೂನೊಣಗಳಿಗೆ ಒಂದು ಹಳೆಯ ಆಧಾರಗ್ರಂಥವಿದೆ. ಎನ್ರಿಕೊ ಬ್ರುನೆಟ್ಟಿ ವೃತ್ತಿಯಿಂದ ಸಂಗೀತಗಾರ. ಪೂರ್ವದೇಶಗಳನ್ನೆಲ್ಲ ಸುತ್ತಿ ಕಲ್ಕತ್ತೆಯಲ್ಲಿ ನೆಲೆಸಿ, ಅಲ್ಲಿನ ವಸ್ತುಸಂಗ್ರಹಾಲಯದ ನೊಣಗಳನ್ನು ಅಧ್ಯಯನ ಮಾಡಿ, ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಹೂನೊಣಗಳ ಸಂಪುಟವನ್ನು 1923ರಲ್ಲಿ ಹೊರತಂದರು. ಕೈಯಲ್ಲಿ ಸೂಜಿ ಚುಚ್ಚಿದ ನೊಣ, ಕಣ್ಣಿಗೆ ಮಸೂರ ಇದ್ದವರಿಗಾಗಿ ಬರೆದ ಪುಸ್ತಕ ಅದು. ಅದರಲ್ಲಿ ‘ಸಿರ್ಫಸ್’ ಎಂದಿದ್ದ ಎಷ್ಟೋ ನೊಣಗಳು ಇಂದು ಬೇರೆ ಬೇರೆ ಕುಲಗಳಿಗೆ ಹಂಚಿಹೋಗಿವೆ. ಆಮೇಲಿನ ದಶಕಗಳಲ್ಲಿ ಕರ್ನಾಟಕದಲ್ಲೇ ಕೆಲಸ ಮಾಡಿದ ಕೀಟವಿಜ್ಞಾನಿ ಕುಮಾರ್ ಘೋರ್ಪಡೆ ಭಾರತ ಉಪಖಂಡದ ಹೂನೊಣಗಳ ಪಟ್ಟಿಯನ್ನು ಪರಿಷ್ಕರಿಸಿದರು. ಇಷ್ಟಾದರೂ ಚಿತ್ರ ಹಿಡಿದವನು ತೆರೆದು ನೋಡಬಹುದಾದ ಒಂದು ಸಚಿತ್ರ ಕನ್ನಡ ಕೈಪಿಡಿ ಬರುವುದು ಬಹಳ ಅಗತ್ಯ. ಹಕ್ಕಿಗಳಿಗೆ, ಚಿಟ್ಟೆಗಳಿಗೆ ಕನ್ನಡದಲ್ಲಿ ಪುಸ್ತಕಗಳು ಬಂದದ್ದರಿಂದಲೇ ಹಳ್ಳಿಹಳ್ಳಿಯಲ್ಲಿ ಅವನ್ನು ನೋಡುವ ಕಣ್ಣು ಬೆಳೆಯಿತು.

ಹೆಸರಿನಿಂದ ರೈತರಿಗೆ ಏನು ಲಾಭ ಎಂದು ಕೇಳುವವರಿಗೆ ಅದೇ ಹೊಲದ ಅವರೆ ಗಿಡದಲ್ಲಿ ಉತ್ತರವಿದೆ. ಕುಡಿಯ ತುಂಬ ಕರಿ ಹೇನು ಮೆತ್ತಿಕೊಂಡಿತ್ತು. ಕುಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿದರೆ ಹೇನಿನ ಗುಂಪಿನ ನಡುವೆ ಒಂದು ಬಿಳಿ ಉದ್ದನೆಯ ಮೊಟ್ಟೆ. ಹೆಣ್ಣು ಹೂನೊಣ ಹೇನಿರುವ ಕುಡಿಯನ್ನೇ ಹುಡುಕಿ ಹಾಗೆ ಒಂದೊಂದಾಗಿ ಇಡುತ್ತದೆ. ಪಕ್ಕದ ಕುಡಿಯಲ್ಲಿ ಮರಿಯೇ ಇತ್ತು: ಕಾಲಿಲ್ಲ, ಕಣ್ಣಿಲ್ಲ, ಹಸಿರು ಮಿಶ್ರಿತ ತಿಳಿ ಕಂದು ಮೈ. ಮುಂಭಾಗವನ್ನು ಎಡಕ್ಕೂ ಬಲಕ್ಕೂ ಬೀಸಿ ತಡಕುತ್ತದೆ. ಹೇನು ತಾಗಿದ ಕೂಡಲೇ ಬಾಯಿಂದ ಚುಚ್ಚಿ ಮೇಲಕ್ಕೆತ್ತಿ ಹೀರುತ್ತದೆ, ಸಿಪ್ಪೆ ಬಿಸಾಡಿ ಮತ್ತೆ ತಡಕುತ್ತದೆ. ಒಂದು ಮರಿ ಬೆಳೆದು ಪ್ಯೂಪಾ ಆಗುವುದರೊಳಗೆ ನೂರಾರು ಹೇನು ಮುಗಿಸುತ್ತದೆ.

ಅಜ್ಜಿಗೆ ಇದನ್ನೂ ತೋರಿಸಿದೆ. “ಅಯ್ಯೋ, ಇದನ್ನ ಹುಳ ಅಂತ ಹೊಸಕಿ ಹಾಕ್ತಿದ್ದೆವಲ್ಲಪ್ಪ” ಎಂದರು. ತಕ್ಷಣ ಆ ಕುಡಿ ಇದ್ದ ಗಿಡವನ್ನು ಗುರುತಿಟ್ಟುಕೊಂಡು, ಕಾಯಿ ಬಿಡಿಸುವಾಗ ಅದನ್ನು ಅಲುಗಿಸದೆ ದಾಟಿದರು.

2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಾಣಿಸಿಕೊಂಡು ಬೆಳಗಾವಿ, ಬಾಗಲಕೋಟೆಯ ಕಬ್ಬಿಗೆ ಬಿಳಿ ಉಣ್ಣೆ ಹೇನು ಹಬ್ಬಿದಾಗ ರೈತರು ಕಂಗಾಲಾಗಿದ್ದರು. ಆ ಹೇನನ್ನು ತಿಂದು ಹತೋಟಿಗೆ ತಂದ ಮಿತ್ರಕೀಟಗಳಲ್ಲಿ ‘ಡೈಫಾ’ ಪತಂಗ, ‘ಮೈಕ್ರೋಮಸ್’ ಮುಖ್ಯವಾದವು. ಅವುಗಳ ಜೊತೆ ‘ಯೂಪಿಯೋಡಿಸ್ ಕನ್‌ಫ್ರೇಟರ್’ ಎಂಬ ಹೂನೊಣವೂ ಇತ್ತು. ಯಾವ ಹೇನಿಗೆ ಯಾವ ನೊಣ ಬರುತ್ತದೆ, ಯಾವ ತಿಂಗಳಲ್ಲಿ, ಯಾವ ಹೂವು ಇದ್ದರೆ ಹೊಲದಲ್ಲಿ ನಿಲ್ಲುತ್ತದೆ ಎಂಬ ಲೆಕ್ಕಕ್ಕೆಲ್ಲ ಮೊದಲು ಹೆಸರು ಬೇಕು. ಹಿರಿಯರು ಅಕ್ಕಡಿ ಸಾಲಿಗೆ ಹುಚ್ಚೆಳ್ಳು ಹಾಕಿದ್ದು ಎಣ್ಣೆಗೆಂದು. ಹೇನು ತಿನ್ನುವ ನೊಣಗಳಿಗೆ ಆ ಹೂವು ಪರಾಗವನ್ನೂ ಮಕರಂದವನ್ನೂ ಕೊಡುತ್ತಿತ್ತು. ಒಂಟಿ ಬೆಳೆಯ ಹೊಲದಲ್ಲಿ ಆ ಆಸರೆ ಹೋಗಿದೆ. ಹೆಸರಿನ ಹಾಗೆ ಎಣಿಕೆಯೂ ಬೇಕು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ರಾಡಾರ್ ಇಟ್ಟು ಎಣಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವರ್ಷಕ್ಕೆ 400 ಕೋಟಿಯವರೆಗೆ ಹೂನೊಣಗಳು ಅಲ್ಲಿ ಬಂದು ಹೋಗುತ್ತವೆ. ನಮ್ಮ ಬಯಲಿನ ಮೇಲೆ ಹಾಗೆ ಎಷ್ಟು ಹಾದುಹೋಗುತ್ತವೆಂದು ತಿಳಿಯುವ ದಾರಿಯೂ ದಿನಾಂಕ, ಊರು ಬರೆದಿಟ್ಟ ಚಿತ್ರಗಳಿಂದಲೇ ಶುರುವಾಗಬೇಕು.

ಚಿತ್ರ ನೋಡಿ ಹೆಸರಿಡುವಾಗ ಬಣ್ಣವೊಂದನ್ನೇ ನಂಬಬೇಡಿ. ಪ್ಯೂಪಾ ಹಂತದಲ್ಲಿ ಚಳಿ ಹೆಚ್ಚಿದ್ದರೆ ಅದೇ ಎಪಿಸಿರ್ಫಸ್ ಕಪ್ಪಾಗಿ ಹೊರಬರುತ್ತದೆ, ಸೆಕೆಯಿದ್ದರೆ ಹಳದಿ ಮಿಗಿಲಾಗುತ್ತದೆ. ಪ್ಯೂಪಾ ಒಡೆದು ಆಗಷ್ಟೇ ಬಂದದ್ದಾದರೆ ಮೈಯೆಲ್ಲ ಬೂದು, ಪಟ್ಟೆಗಳು ಇನ್ನೂ ಮೂಡಿರುವುದಿಲ್ಲ. ಹುಚ್ಚೆಳ್ಳಿನಲ್ಲಿ ಮುಖ ಹುದುಗಿಸಿ ಎದ್ದ ನೊಣಕ್ಕೆ ಪರಾಗ ಮೆತ್ತಿಕೊಂಡು, ಮುಖದ ನಡುವಿನ ಕಪ್ಪು ಗೆರೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಸ್ವಲ್ಪ ಕಾದರೆ ಎಲೆಯ ಮೇಲೆ ಕುಳಿತು ಮುಂಗಾಲಿನಿಂದ ಮುಖ ತೊಳೆದುಕೊಳ್ಳುತ್ತದೆ. ಆ ಗೆರೆಯನ್ನು ಚಿತ್ರಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

ಈ ಚಳಿಗಾಲದಲ್ಲಿ ನಿಮ್ಮ ಹೊಲದ ಬದುವಿನಲ್ಲಿ, ಹೂಬಿಡಲು ಬಿಟ್ಟ ಕೊತ್ತಂಬರಿಯ ಮಡಿಯಲ್ಲಿ, ತಾರಸಿಯ ಕುಂಡದ ಸೇವಂತಿಗೆಯ ಮೇಲೆ ಹೂನೊಣ ಕಂಡರೆ ಒಂದು ಚಿತ್ರಕ್ಕೆ ತೃಪ್ತರಾಗಬೇಡಿ. ಬಿಸಿಲೇರುವ ಮೊದಲು ಹೋಗಿ, ಮೈ ಕಾಯಿಸಿಕೊಳ್ಳುವ ನೊಣ ಹತ್ತಿರ ಸೇರಿಸುತ್ತದೆ. ಫೋನಿಗೆ ಸಿಕ್ಕಿಸುವ ಸಣ್ಣ ಮಸೂರವಿದ್ದರೂ ಸಾಕು. ಹೊಟ್ಟೆಯ ಪಟ್ಟೆ ಕಾಣುವಂತೆ ಮೇಲಿನಿಂದ ಒಂದು, ಕಾಲುಗಳ ಬಣ್ಣಕ್ಕೆ ಪಕ್ಕದಿಂದ ಒಂದು, ಮುಖಕ್ಕೆ ಎದುರಿನಿಂದ ಒಂದು ತೆಗೆಯಿರಿ. ಅದು ರೆಕ್ಕೆ ಬಿಚ್ಚಿದಾಗ ನರಗಳಿಗೆಂದೇ ಇನ್ನೊಂದು. ಮಸುಕಾದ ಚಿತ್ರವನ್ನು ಅಳಿಸುವ ಮುನ್ನ ಅದರಲ್ಲಿ ಪಾದವೋ ತೊಡೆಯೋ ಕಂಡಿದೆಯೇ ಎಂದು ಹಿಗ್ಗಿಸಿ ನೋಡಿ. ತಾರೀಖು, ಊರು, ಹೂವಿನ ಹೆಸರು, ಹತ್ತಿರ ಹೇನಿದ್ದರೆ ಅದನ್ನೂ ಬರೆದಿಡಿ. ಕುಲದವರೆಗೆ ಮಾತ್ರ ತಿಳಿದರೆ ಕುಲವನ್ನೇ ಬರೆಯಿರಿ. ಇಂದು ನೀವು ಖಾಲಿ ಬಿಟ್ಟ ಪ್ರಭೇದದ ಜಾಗವನ್ನು ನಾಳೆ ಆ ಕುಲವನ್ನು ಅಧ್ಯಯನ ಮಾಡಿದವರು ನಿಮ್ಮ ಚಿತ್ರ ನೋಡಿ ತುಂಬಬಲ್ಲರು.